ಹಿಂಡಿ ಬುಟ್ಟಿ ಇಟ್ಟ ಮೇಜು

ಹಳೆಯ ಮೇಜು ಕೊಳ್ಳುವವರು ಸಾಮಾನ್ಯವಾಗಿ ಅದರ ಹೊಳಪು ನೋಡುತ್ತಾರೆ, ಕೆತ್ತನೆ ನೋಡುತ್ತಾರೆ. ನಾನು ಮೊದಲು ಮಗುಚಿ ಹಾಕಿ ಹೊಟ್ಟೆ ನೋಡುತ್ತೇನೆ. ಅದನ್ನು ಯಾವ ಕೆಲಸಕ್ಕೆ ಮಾಡಿದ್ದರು ಎಂಬುದು ಅಡಿಯಲ್ಲಿ ಗೊತ್ತಾಗುತ್ತದೆ. ಈ ತಿಳಿವಳಿಕೆ ನನಗೆ ಬಂದದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅದು ಉಪಯೋಗಕ್ಕೆ ಬಂದದ್ದು ನನ್ನ ಓರಗಿತ್ತಿಯ ಮೇಲೆ. ಹಾಗೆಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನನಗೇನೂ ಸಂಕೋಚವಿಲ್ಲ.

ನನ್ನ ಅಪ್ಪ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಓವರ್‌ಸಿಯರಾಗಿದ್ದರು. ಕೆಲಸ ಮುಗಿಯುತ್ತ ಬಂದಾಗ ಇಂಗ್ಲಿಷ್ ದೊರೆಗಳ ಬಂಗಲೆಯ ಸಾಮಾನು ಹರಾಜಿಗೆ ಬಂತು. ಅಪ್ಪ ಅಲ್ಲಿ ಒಂದು ಬೀಟೆಮರದ ದುಂಡು ಮೇಜು ಹಿಡಿದರು. ನಡುವೆ ಒಂದೇ ಕಂಬ, ಅಡಿಯಲ್ಲಿ ಹುಲಿಯ ಪಂಜದಂಥ ಮೂರು ಪಾದ. ಮೂರನೆಯ ಪಂಜದಲ್ಲಿ ಒಂದು ಉಗುರು ಮಾತ್ರ ಮುಕ್ಕಾಗಿತ್ತು. ನಾನು ಗಂಡನ ಮನೆಗೆ ಬಂದಾಗ ನನ್ನ ಟ್ರಂಕಿನ ಜೊತೆ ಅದೂ ಎತ್ತಿನ ಗಾಡಿಯಲ್ಲಿ ಬಂತು. ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಅತ್ತೆಯಂಥವರಿಗೆ ಅದು ಹಿರೋಡೆಯೇ. ಅಲ್ಲಿಂದ ತೊಣ್ಣೂರಿನ ದಾರಿಯಲ್ಲಿ ನಮ್ಮ ತೊಟ್ಟಿಮನೆ.

ಗಾಡಿ ನಿಂತ ತಕ್ಷಣ ಭಾವನವರ ಹೆಂಡತಿ, ಅಂದರೆ ನಾನು ಅಕ್ಕ ಎನ್ನುತ್ತಿದ್ದ ಓರಗಿತ್ತಿ, ಹೊಸಲಿಗೆ ಅಡ್ಡ ಬಂದು ನಿಂತರು.

"ದೊರೆಗೋಳು ಇದ್ರ ಮ್ಯಾಲೆ ಏನೇನ್ ಇಟ್ಕಂಡು ತಿಂದವ್ರೋ. ಇದು ವಸ್ಲು ದಾಟ್‌ಕೂಡ್ದು. ಕೊಟ್ಗೇಲಿ ಆಕ್ಬುಡಪ್ಪ," ಎಂದು ಗಾಡಿಯವನಿಗೆ ಹೇಳಿ ನನ್ನ ಕಡೆ ತಿರುಗಿದರು. "ಏನ್ ಕಾನ್ವೆಂಟಮ್ಮ, ನಿಮ್ಮಪ್ಪ ಒಂದು ಮಣೆ ಮಾಡ್ಸಿ ಕಳ್ಸಿದ್ರೆ ಆಯ್ತಿರ್ಲಿಲ್ವಾ?"

ಗಾಡಿಯ ಜೊತೆಗೇ ಬಂದಿದ್ದ ಅಪ್ಪ ತಮ್ಮ ವಲ್ಲಿಯಿಂದ ಮೇಜಿನ ದೂಳು ಒರೆಸುತ್ತಿದ್ದರು. ಆ ಕೈ ಹಾಗೇ ನಿಂತಿತು. ಆಮೇಲೆ ಗಾಡಿಯವನ ಜೊತೆ ತಾವೇ ಕೈ ಕೊಟ್ಟು ಅದನ್ನು ಕೊಟ್ಟಿಗೆಗೆ ಹೊತ್ತರು. ಅಂದು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋದರು, ಊಟಕ್ಕೆ ನಿಲ್ಲಲಿಲ್ಲ. ನಮ್ಮವರು ಅಣ್ಣ ಅತ್ತಿಗೆಯ ಮುಂದೆ ಬಾಯಿ ತೆರೆಯುವವರಲ್ಲ. ಆ ಮೇಜು ಒಂದು ದಿನ ನಡುಮನೆಗೆ ಬರಬೇಕು, ಕರೆದು ತರುವವರು ಅಕ್ಕನೇ ಆಗಿರಬೇಕು ಎಂದು ನಾನು ಆವತ್ತೇ ಗಟ್ಟಿ ಮಾಡಿಕೊಂಡೆ.

ಕೊಟ್ಟಿಗೆಯಲ್ಲಿ ಅದರ ಮೇಲೆ ನೆನೆಸಿದ ಹಿಂಡಿಯ ಬುಟ್ಟಿ ಇಡುತ್ತಿದ್ದರು. ಬೆಳಗ್ಗೆ ಹಾಲಿನ ಚೊಂಬು ಹಿಡಿದು ಹೋದಾಗಲೆಲ್ಲ ನೋಡುತ್ತಿದ್ದೆ. ಬುಟ್ಟಿಯ ತಳ ಕೂತಲ್ಲಿ ಬೆಳ್ಳಗೆ ಬಳೆಯಂಥ ಒಂದು ಗುರುತು. ಕೆಲವು ದಿನಕ್ಕೆ ಅದರ ಪಕ್ಕ ಇನ್ನೊಂದು. ಮೂರು ವರ್ಷದಲ್ಲಿ ಒಂದರ ಮೇಲೊಂದು ಏರಿ, ಎಣಿಸಲು ಬಾರದಷ್ಟಾದವು.

ನಾಗಮಂಗಲಕ್ಕೆ ಕೊಟ್ಟಿದ್ದ ಅಕ್ಕನ ಅಕ್ಕ ತಮ್ಮ ಮನೆಗೆ ಒಂದು ನಡುಮೇಜು ತರಿಸಿದರು. ಅಲ್ಲಿಗೆ ಹೋಗಿ ಬಂದ ಮೇಲೆ ನಮ್ಮ ಅಕ್ಕನ ಬಾಯಲ್ಲಿ ಎದ್ದರೂ ಕೂತರೂ "ಸೆಂಟ್ರು ಟೇಬಲ್ಲು." ಭಾವನವರು ಗಂಜಾಮಿನ ಹಳೇ ಸಾಮಾನಿನ ಅಂಗಡಿಯಿಂದ ಒಂದನ್ನು ತಂದರು. ಮೊಣಕಾಲೆತ್ತರದ ಚೌಕ ಪೆಟ್ಟಿಗೆಯಂಥದ್ದು, ನುಣುಪಾದ ಕೆಂಚು ಮರ, ಪಕ್ಕಗಳಲ್ಲಿ ದ್ರಾಕ್ಷಿ ಗೊಂಚಲಿನ ಕೆತ್ತನೆ, ಅಡಿಯಲ್ಲಿ ಪಿಂಗಾಣಿಯ ಪುಟ್ಟ ಚಕ್ರಗಳು.

"ಇದು ದೊರೆಗೋಳ್ದಲ್ಲ ಮತ್ತೆ. ಅರಮನೆ ಕಡೇದು," ಎಂದು ಅಕ್ಕ ನನಗೆ ಕೇಳುವಂತೆ ಹೇಳಿ, ಮೇಲಿನ ಹಲಗೆ ಎತ್ತಿದರು. ಒಳಗೆ ಅಂಚು ನಯಮಾಡಿದ ಒಂದು ದುಂಡನೆಯ ತೂತು. ಅದರ ಕೆಳಗೆ ಪಾತ್ರೆ ಕೂರುವಷ್ಟು ಒಂದು ಹಲಗೆ. "ಈ ಗುಂಡಿ ಯಾಕೈತೆ ಗೊತ್ತಾ ನಿಂಗೆ?"

ನನಗೆ ಗೊತ್ತಿತ್ತು. ಕಾನ್ವೆಂಟಿನಲ್ಲಿ ಕಾಲು ಹೋಗಿ ಹಾಸಿಗೆ ಹಿಡಿದ ಒಬ್ಬ ವಯಸ್ಸಾದ ಮದರ್ ಇದ್ದರು. ಅವರ ಮಂಚದ ಪಕ್ಕದಲ್ಲಿ ಇಂಥದೇ ಪೆಟ್ಟಿಗೆ. ಬೆಳಗ್ಗೆ ಆಯಾ ಅದರೊಳಗಿನ ಪಾತ್ರೆಯನ್ನು ಬಟ್ಟೆ ಮುಚ್ಚಿ ಹಿತ್ತಲಿಗೆ ಒಯ್ಯುತ್ತಿದ್ದಳು. ಏನಿದೆಯೆಂದು ಹಲಗೆ ಎತ್ತಿ ನೋಡಿ ನಾನೊಮ್ಮೆ ಬೆರಳ ಗಿಣ್ಣಿನ ಮೇಲೆ ಏಟು ತಿಂದಿದ್ದೆ.

ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದರು, "ಹೂವಿನ ಕುಂಡ ಇಡಾಕೆ. ಅಂಗಡಿಯವ್ನೇ ಯೋಳವ್ನೆ."

"ಬಹಳ ಚೆನ್ನಾಗಿದೆ ಅಕ್ಕ," ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಜಮಖಾನ ಸರಿಸಿ, ತೊಟ್ಟಿಯ ಬೆಳಕು ಬೀಳುವ ಕಡೆ, ಬಾಗಿಲಲ್ಲಿ ಬಂದವರಿಗೆ ಮೊದಲು ಕಾಣುವಂತೆ ಅದನ್ನು ಇಡಿಸಿದವಳು ನಾನೇ. ಮುಚ್ಚಳದ ಮೇಲೆ ಹಾಸಲು ಬಿಳೀ ನೂಲಿನಲ್ಲಿ ಕ್ರೋಶಾ ಹಾಕಿ ದುಂಡು ಬಟ್ಟೆ ಹೆಣೆದೆ. ಅಳತೆ ಒಳಗಿನ ತೂತಿನದೇ. ಅಕ್ಕ ದಾರದಲ್ಲಿ ತೂತಿನ ಸುತ್ತಳತೆ ತೆಗೆದು ನಾಗಮಂಗಲಕ್ಕೆ ಕಳಿಸಿ, ಅದಕ್ಕೆ ಸರಿಯಾಗಿ ಒಂದು ಹಿತ್ತಾಳೆ ಕುಂಡ ಮಾಡಿಸಿದರು. ಬಂದ ನೆಂಟರೆಲ್ಲ ಅದರ ಮೇಲಿನ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಳ್ಳುವರು, ದ್ರಾಕ್ಷಿ ಗೊಂಚಲು ಸವರುವರು. ನಾನು ಕಂಬದ ಪಕ್ಕ ನಿಂತು ನೋಡುವೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಆಷಾಢದಲ್ಲಿ ಅತ್ತೆ ಹಿತ್ತಲಲ್ಲಿ ಜಾರಿ ಮಂಡಿ ಊದಿಸಿಕೊಂಡರು. ದಿನಕ್ಕೆ ನಾಲ್ಕು ಸಲ ನಾನೋ ಅಕ್ಕನೋ ಅವರನ್ನು ತಬ್ಬಿ ಹಿತ್ತಲಿಗೆ ನಡೆಸಬೇಕು. ಕುಕ್ಕರಗಾಲಲ್ಲಿ ಕೂರುವಾಗ ಅವರು ನನ್ನ ತೋಳು ಹಿಡಿದು ಹಲ್ಲು ಕಚ್ಚುತ್ತಿದ್ದರು. ಅವರಿಗೆ ಬೇಕಾದ ವಸ್ತು ನಡುಮನೆಯಲ್ಲೇ ಬಟ್ಟೆ ಹೊದ್ದು ಕೂತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇನ್ನೂ ನಾಲ್ಕು ಮಂದಿ ನೋಡಲಿ, ಇನ್ನೂ ನಾಲ್ಕು ಮಂದಿ ಹೊಗಳಲಿ ಎಂದು ತಿಂಗಳ ಮೇಲೆ ತಡೆದೆ. ಅದೊಂದಕ್ಕೆ ನನಗೆ ಇವತ್ತಿಗೂ ನಾಚಿಕೆ. ಉಳಿದದ್ದಕ್ಕೆ ಇಲ್ಲ.

ಗೌರಿ ಹಬ್ಬಕ್ಕೆ ವಾರವಿದೆ ಎನ್ನುವಾಗ ಅಕ್ಕ ಹೇಳಿದರು, "ಈ ಸಲ ಗೌರಮ್ಮನ್ನ ಟೇಬಲ್ ಮ್ಯಾಲೇ ಕೂರ್ಸಾನ. ಕಳಸ ಆ ಗುಂಡೀಲಿ ಅಲ್ಲಾಡ್ದಂಗೆ ಕುಂತ್ಕತದೆ."

ನನ್ನ ಕೈಯಲ್ಲಿದ್ದ ಮೊರ ನಿಂತಿತು. ನೆಂಟರ ಎಲೆ ಅಡಿಕೆ ಬೇರೆ, ಗೌರಿ ಬೇರೆ. ಅಷ್ಟು ದೂರ ಹೋಗಲು ನನಗೆ ಧೈರ್ಯವಿರಲಿಲ್ಲ. ಆದರೆ ಅಕ್ಕನನ್ನು ಒಳಗೆ ಕರೆದು ಗುಟ್ಟಾಗಿ ಹೇಳಿ ಮರ್ಯಾದೆ ಉಳಿಸುವ ಮನಸ್ಸೂ ಇರಲಿಲ್ಲ. ನನ್ನ ಅಪ್ಪನಿಗೆ ಯಾರೂ ಗುಟ್ಟಾಗಿ ಹೇಳಿರಲಿಲ್ಲ.

ಊರಿನ ಆಸ್ಪತ್ರೆಗೆ ಹೊಸದಾಗಿ ಮಂಗಳೂರಿನ ಕಡೆಯ ಲೇಡಿ ಡಾಕ್ಟರು ಬಂದಿದ್ದರು. ಅತ್ತೆಯ ಮಂಡಿಯನ್ನು ಅವರಿಗೊಮ್ಮೆ ತೋರಿಸೋಣ ಎಂದು ನಮ್ಮವರಿಗೆ ಹೇಳಿದೆ. ದಿನವನ್ನೂ ನಾನೇ ಹೇಳಿದೆ. ಅಂದು ನಾಗಮಂಗಲದ ಅಕ್ಕ ತಾವು ಕಳಿಸಿದ ಕುಂಡ ಹೇಗೆ ಕೂತಿದೆಯೆಂದು ನೋಡಲು ಬರುವವರಿದ್ದರು.

ಅವರು ಬಂದರು, ಕೇರಿಯ ಐದಾರು ಹೆಂಗಸರೂ ಬಂದರು. ಮುಚ್ಚಳ ಎತ್ತಿಟ್ಟಿತ್ತು. ಕುಂಡದಲ್ಲಿ ಕಣಗಿಲೆ, ಸುತ್ತ ಎಲೆ ಅಡಿಕೆ. ಅಷ್ಟರಲ್ಲಿ ಜಟಕಾ ನಿಂತಿತು. ಲೇಡಿ ಡಾಕ್ಟರು ಒಳಗೆ ಹೋಗಿ ಅತ್ತೆಯ ಮಂಡಿ ಒತ್ತಿ ನೋಡಿ, ಹೊರಗೆ ಬರುತ್ತ, "ಇವರು ಇನ್ನು ನೆಲದ ಮೇಲೆ ಕುಕ್ಕರಿಸಿ ಕೂರಲೇಬಾರದು," ಎನ್ನುತ್ತಿದ್ದವರು ನಡುಮನೆಯಲ್ಲಿ ನಿಂತರು. ಮುಖ ಅರಳಿತು.

"ಅಯ್ಯೋ, ಇದು ನಿಮ್ಮಲ್ಲೇ ಉಂಟಲ್ಲ. ಇದನ್ನು ಯಾಕೆ ಇಲ್ಲಿಟ್ಟಿದ್ದೀರಿ? ಅಜ್ಜಿಯ ಮಂಚದ ಹತ್ತಿರ ಇಡಿ. ಕೂತಲ್ಲಿಯೇ ಎಲ್ಲ ಆಗುತ್ತದೆ." ಹೂವು ಸಮೇತ ಕುಂಡ ಎತ್ತಿ ಅಕ್ಕನ ಕೈಗೆ ಕೊಟ್ಟರು. "ಒಳಗಿನ ಪಾತ್ರೆಗೆ ಹಿತ್ತಾಳೆ ಬೇಡ ಅಮ್ಮ. ಎನಾಮಲ್ಲಿನದು ಇಡಿ, ತೊಳೆಯಲು ಸುಲಭ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ನಾಗಮಂಗಲದ ಅಕ್ಕ ಅದನ್ನು ಮೆಲ್ಲಗೆ ಜಮಖಾನದ ಮೇಲಿಟ್ಟರು. "ತಂಗ್ಯವ್ವ, ಇಲ್ಲೀಗಂಟ ಮೂರೆಲೆ ತಿಂದಿವ್ನಿ ಕಣೆ ಇದ್ರ ಮೇಲ್ನಿಂದ."

ಒಳಗಿಂದ ಅತ್ತೆಯ ದನಿ ಬಂತು. "ಕುಂತ್ಕಂಡೇ ಹೋಗಾದಾ? ಅಂಗಿದ್ರೆ ಏನ್ ನೋಡ್ತಾ ನಿಂತಿದ್ದೀರಾ, ತಳ್ಕಂಡ್ ಬನ್ನಿ."

ಪಿಂಗಾಣಿ ಚಕ್ರಗಳು ಸದ್ದಿಲ್ಲದೆ ಉರುಳಿದವು. ತಳ್ಳಿದವಳು ನಾನು.

ಹಬ್ಬದ ಹಿಂದಿನ ದಿನ ಅಕ್ಕ ಅಡಿಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. "ನಿಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿತ್ತು."

"ಕೇಳ್ದಾಗ ಯಾಕ್ ಯೋಳ್ನಿಲ್ಲ?"

"ನಾನು ಹೇಳೋ ಮುಂಚೆ ನೀವೇ ಹೇಳಿಬಿಟ್ರಿ ಅಕ್ಕ."

ಅವರು ಕೇರಿಗೆಲ್ಲ ಗೌರಿ ಮೇಜಿನ ಮೇಲೆ ಕೂರುತ್ತಾಳೆ ಎಂದು ಹೇಳಿಯಾಗಿತ್ತು. ನಾನು ಕಾಯಿ ತುರಿಯುತ್ತಲೇ ಇದ್ದೆ. ಕಾಯಿ ಪೂರ್ತಿ ಮುಗಿದ ಮೇಲೆ ಅಕ್ಕ ಹೇಳಿದರು, "ನಿಮ್ಮಪ್ಪ ಕೊಟ್ಟಿದ್ದು... ಒಳಕ್ ತರಸ್ಲಾ?"

"ಯಾವುದಕ್ಕ?"

"ಮೇಜು."

ಹಿಂಡಿ ವಾಸನೆ ಹೋಗಲು ಸೀಗೆಪುಡಿಯಲ್ಲಿ ಉಜ್ಜಿದ್ದು ಅಕ್ಕನೇ. ಗುರುತುಗಳು ಹೋಗಲಿಲ್ಲ. ಮರದ ಆಚಾರಿ ಹತ್ರಿಯಿಂದ ಮೇಲೆ ಹೆರೆದು ಪಾಲೀಸು ಕೊಟ್ಟರೆ ಹೋಗುತ್ತವೆ ಎಂದು ಭಾವನವರು ಅಂದಾಗ, ಬೇಡ, ಹಳೇ ಮರ ಹೆರೆಯಬಾರದು ಎಂದೆ. ಅದು ನಿಜವೂ ಹೌದು. ಗೌರಿ ಹಬ್ಬಕ್ಕೆ ಅಪ್ಪನನ್ನು ಕರೆಸಿದೆ. ಗೌರಿ ಕೂತ ಮೇಜಿನ ಎದುರಲ್ಲೇ ಎಲೆ ಹಾಕಿ, ಅಕ್ಕನೇ ಅವರಿಗೆ ಕಾಯೊಬ್ಬಟ್ಟು ಬಡಿಸಿದರು. ಅಪ್ಪ ಎರಡು ಸಲ ಹಾಕಿಸಿಕೊಂಡರು.

ಈ ಮೇಜಿಗೂ ಒಂದು ಬಟ್ಟೆ ಹೆಣೆದೆ. ನಡುವಿಗೆ ಮಾತ್ರ ಸಾಲುವ ಚಿಕ್ಕ ಬಟ್ಟೆ. ಸುತ್ತಲಿನ ಬಳೆ ಗುರುತುಗಳು ಅದರ ಆಚೆ ಉಳಿದವು. ಬಂದವರು ಇದೇನೆಂದು ಕೇಳಿದರೆ, "ಅಕ್ಕನನ್ನು ಕೇಳಿ," ಎನ್ನುತ್ತಿದ್ದೆ.

"ಆ ಬಟ್ಟೆ ಚಿಕ್ದಾಯ್ತು, ಇನ್ನೊಂದೆಲ್ಡು ಸುತ್ತು ಆಕು ತಾಯಿ," ಎಂದು ಅಕ್ಕ ಪ್ರತಿ ವರ್ಷ ಹಬ್ಬದ ಮುಂಚೆ ಹೇಳುತ್ತಿದ್ದರು. ಕಾನ್ವೆಂಟಮ್ಮ ಎನ್ನುವುದನ್ನು ಬಿಟ್ಟಿದ್ದರು.

"ಇಷ್ಟೇ ಸಾಕಕ್ಕ," ಎಂದು ನಾನು ಅದನ್ನೇ ಒಗೆದು, ಗಂಜಿ ಹಾಕಿ, ಹಾಸುತ್ತಿದ್ದೆ.