ಒಂದು ಬದಿ ಬರೆದ ಹಾಳೆಗಳ ಪೆಟ್ಟಿಗೆ

ಮಾನ್ಯ ಓದುಗರಲ್ಲಿ,

ಮೊದಲಿಗೆ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ಇಷ್ಟು ವರ್ಷ ಟೈಪ್‌ರೈಟರಿನ ಮುಂದೆ ಕುಳಿತವಳು ಪೆನ್ನು ಹಿಡಿದರೆ ಅಕ್ಷರಗಳು ಸಾಲು ಬಿಟ್ಟು ಇಳಿಯುತ್ತವೆ. ಬೇರೆಯವರ ಪರವಾಗಿ ಎಷ್ಟೋ ಅರ್ಜಿ ಬರೆದಿದ್ದೇನೆ; ನನ್ನದೇ ವಿಷಯವಾಗಿ ಒಂದು ಪುಟವನ್ನೂ ಬರೆದವಳಲ್ಲ. ಬೇರೆ ಕ್ರಮ ಗೊತ್ತಿಲ್ಲದ ಕಾರಣ ಗೊತ್ತಿರುವ ಕ್ರಮದಲ್ಲಿಯೇ ಬರೆಯುತ್ತೇನೆ.

ವಿಷಯ: ತಿ. ನರಸೀಪುರದಲ್ಲಿ ನಾನು ನಡೆಸುತ್ತಿದ್ದ, ಹಲವರು ಮೇಜು ಹಂಚಿಕೊಂಡು ಕೂರುವ ಕಚೇರಿಯಿಂದ ಒಬ್ಬ ಹೆಣ್ಣುಮಗಳಿಗೆ ಆದ ತೊಂದರೆಯ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸುವುದೇನೆಂದರೆ, ನಂಜನಗೂಡಿನಲ್ಲಿ ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸಾದ ನಾನು, ತೊಂಬತ್ತರ ದಶಕದ ನಡುವಿನಲ್ಲಿ ತಿ. ನರಸೀಪುರದ ತಾಲ್ಲೂಕು ಕಚೇರಿಗೆ ಸಮೀಪದಲ್ಲಿ ಒಂದು ಉದ್ದನೆಯ ಕೊಠಡಿಯನ್ನು ಬಾಡಿಗೆಗೆ ಪಡೆದೆ. ಮೊದಲು ಅದು ಭತ್ತದ ಮಂಡಿಯಾಗಿತ್ತು. ಐದು ಮೇಜು ಹಾಕಿಸಿ, ಒಂದನ್ನು ನಾನಿಟ್ಟುಕೊಂಡು, ಉಳಿದ ನಾಲ್ಕನ್ನು ಸ್ವಂತ ಕಚೇರಿ ಮಾಡಲು ಶಕ್ತಿಯಿಲ್ಲದವರಿಗೆ ದಿನಕ್ಕೋ ಅರ್ಧ ದಿನಕ್ಕೋ ಕೊಡುತ್ತಿದ್ದೆ. ಒಬ್ಬರು ಖಾಸಗಿ ಸರ್ವೇಯರು ಮತ್ತು ಒಬ್ಬರು ವಿಮಾ ಏಜೆಂಟರು ಖಾಯಂ ಆಗಿದ್ದರು. ಮಿಕ್ಕ ಮೇಜುಗಳಿಗೆ ಬರುವವರು ಬದಲಾಗುತ್ತಿದ್ದರು. ಊರವರು ಅದನ್ನು ಟೇಬಲ್ ಮನೆ ಎಂದು ಕರೆಯುತ್ತಿದ್ದರು.

ಇಂತಹ ವ್ಯವಹಾರ ಹೆಚ್ಚು ಕಾಲ ನಿಲ್ಲಬೇಕಾದರೆ ಏನೂ ಪೋಲಾಗಬಾರದೆಂಬುದು ನನ್ನ ನಂಬಿಕೆಯಾಗಿತ್ತು. ಮಾಡಿನಲ್ಲಿ ಆರು ಗಾಜಿನ ಹೆಂಚು ಕೂರಿಸಿದ್ದರಿಂದ ಕರೆಂಟು ಇದ್ದರೂ ಹೋದರೂ ಹಗಲಿನ ಕೆಲಸ ನಿಲ್ಲುತ್ತಿರಲಿಲ್ಲ. ಎಲ್ಲರಿಗೂ ಒಂದೇ ಸ್ಟೇಪ್ಲರು, ಒಂದೇ ಅಂಟಿನ ಬಾಟಲಿ, ಕುಡಿಯಲು ಒಂದೇ ಮಣ್ಣಿನ ಹೂಜಿ. ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಯಾರ ಮೇಜಿನಲ್ಲಿ ಹಾಳೆ ಕೆಟ್ಟರೂ ಹರಿಯದೆ ಅದರೊಳಗೆ ಹಾಕಬೇಕು. ಯಾರಿಗೆ ಕಚ್ಚಾ ಬರವಣಿಗೆ ಬೇಕಾದರೂ ಅದರಿಂದಲೇ ತೆಗೆದು ಹಿಂಬದಿಯಲ್ಲಿ ಬರೆಯಬೇಕು. ಹಾಗೆಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿದ್ದೆ.

"ಮೇಡಂ, ನಾಳೆ ನಾನ್ ಸತ್ರೆ ತಿಥಿ ಕಾರ್ಡೂ ಈ ಪೆಟ್ಗೆ ಹಾಳೇಲೇ ಹೊಡೆಸ್ಬುಡ್ತೀರೇನೋ!" ಎಂದು ಏಜೆಂಟರು ರೇಗಿಸುತ್ತಿದ್ದರು.

"ನಿಮ್ ಪಾಲಿಸಿಯವ್ರು ಯಾರೂ ಬರಲ್ಲ ಬಿಡಿ ಸಾ, ಕಾರ್ಡು ಯಾಕೆ ದಂಡ" ಎಂದು ಸರ್ವೇಯರು ನನ್ನ ಪರವಾಗಿ ಉತ್ತರಿಸುತ್ತಿದ್ದರು. ನನಗೆ ಆ ಪೆಟ್ಟಿಗೆಯ ಬಗ್ಗೆ ಹೆಮ್ಮೆಯಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಹೀಗಿರುವಲ್ಲಿ, ಗೌರಿ ಹಬ್ಬಕ್ಕೆ ಹತ್ತು ದಿನ ಮುಂಚೆ, ಹುಲ್ಲಹಳ್ಳಿ ಕಡೆಗೆ ಮದುವೆಯಾಗಿ ಹೋಗಿದ್ದ ಒಬ್ಬ ಹೆಣ್ಣುಮಗಳು ಬಂದಳು. ತವರು ಮುಡುಕುತೊರೆಯ ಹತ್ತಿರದ ಹಳ್ಳಿ. ತಂದೆ ತೀರಿಕೊಂಡ ಮೇಲೆ ಜಮೀನಿನ ಖಾತೆಯನ್ನು ಅಣ್ಣ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟಿದ್ದನು. ತನಗೂ ಪಾಲಿದೆ, ತನ್ನ ಹೆಸರನ್ನೂ ಸೇರಿಸಬೇಕೆಂದು ತಹಶೀಲ್ದಾರರಿಗೆ ತಕರಾರು ಅರ್ಜಿ ಬರೆಸುವುದು ಆಕೆಯ ಉದ್ದೇಶ. ಹೆಂಗಸು ನಡೆಸುವ ಜಾಗವೆಂದು ಕೇಳಿ ಹುಡುಕಿಕೊಂಡು ಬಂದಿದ್ದಳು.

"ಈಗ್ಲೇ ಕೊಡಕ್ಕಿಲ್ಲ ಕಣಕ್ಕ. ಟೈಪ್ ಮಾಡಿ ನಿಮ್ತಾವೇ ಮಡ್ಗಿರಿ. ಅಬ್ಬಕ್ಕೋಗಿ ಅವ್ವನ್ನ ಒಂದ್ಸಲ ನೋಡ್ಕಂಡ್ ಬತ್ತೀನಿ. ಮಲಗ್ದಲ್ಲೇ ಅವ್ಳೆ. ಅರ್ಜಿ ಇಸ್ಯ ಗೊತ್ತಾದ್ರೆ ನಮ್ಮಣ್ಣ ಒಸ್ಲು ತುಳಿಯಕ್ಕೂ ಬುಡಕ್ಕಿಲ್ಲ" ಎಂದಳು.

ಯಾರಿಗೂ ತಿಳಿಯದೆಂದು ನಾನು ಮಾತು ಕೊಟ್ಟೆ. ಟೈಪ್ ಮಾಡುವಾಗ ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿತು. ಅಷ್ಟರಲ್ಲಿ ಮುಕ್ಕಾಲು ಪುಟ ಮುಗಿದಿತ್ತು. ಆಕೆಯ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಇದ್ದವು. ಆ ಹಾಳೆಯನ್ನು ತೆಗೆದು ಹೊಸದನ್ನು ಹಾಕಿ ಸರಿಯಾದ ಪ್ರತಿ ಮಾಡಿ ನನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿಟ್ಟೆ. ಕೆಟ್ಟ ಹಾಳೆಯನ್ನು ಆಕೆಯ ಎದುರಿಗೇ ಪೆಟ್ಟಿಗೆಗೆ ಹಾಕಿದೆ. ಕೈಗೆ ಅಭ್ಯಾಸವಾಗಿತ್ತು. ಆಕೆಯೂ ನೋಡಿದಳು. ಅದು ಕಸದ ಪೆಟ್ಟಿಗೆಯೆಂದು ತಿಳಿದಿರಬೇಕು.

ಆರನೆಯ ದಿನ ಬೆಳಿಗ್ಗೆ ಒಬ್ಬ ಗಂಡಸು ನನ್ನ ಮೇಜಿಗೆ ಬಂದು, ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಹರಡಿದನು. ಅದರ ಮೇಲೆ ನಮ್ಮ ಸರ್ವೇಯರ ಕೈಯಿಂದಾದ ಜಮೀನಿನ ಕಚ್ಚಾ ನಕ್ಷೆಯಿತ್ತು. ಆತನು ಹಾಳೆಯನ್ನು ಮಗುಚಿದನು. ಹಿಂಬದಿಯಲ್ಲಿ ನಾನು ಟೈಪ್ ಮಾಡಿದ ತಕರಾರು ಅರ್ಜಿ.

"ನಿಮ್ ಮಿಸನ್ನೇ ಅಲ್ವ್ರಾ ಇದು? ನಮ್ ಒಲದ್ ಬದ ಗುರ್ತು ಮಾಡ್ಸಕ್ಕೆ ಅಂತ ನಿಮ್ ಸರ್ವೆಯೋರ್ ತಾವ್ಕೆ ಬಂದಿದ್ದೆ. ಅವ್ರು ಅಳ್ತೆ ಬರ್ಕೊಟ್ರು. ಮನೇಗೋಗಿ ತಿರುವಾಕಿ ನೋಡ್ತೀನಿ, ನನ್ ತಂಗಿ ನನ್ ಮ್ಯಾಲೇ ಅರ್ಜಿ ಬರ್ಸವ್ಳೆ!" ಎಂದು ನಕ್ಕನು. "ನಿಮ್ಮಿಂದ ಒಳ್ಳೇದೇ ಆಯ್ತು ಬುಡಿ. ನಂಗೆ ಎಂಗ್ ಗೊತ್ತಾಯ್ತು ಅಂತ ಅವ್ಳಿಗೆ ಯೋಳಕ್ಕೋಗ್ಬೇಡಿ. ಆಚೇಲಿ ನಿಂತವ್ಳೆ. ಅವ್ಳ್ದೇನೂ ತಕರಾರಿಲ್ಲ ಅಂತ ಒಂದು ಒಪ್ಗೆ ಪತ್ರ ಒಡ್ದುಕೊಡಿ, ಛಾಪಾ ಕಾಗ್ದ ತತ್ತೀನಿ."

ಆತನು ಹೋದ ಮೇಲೆ ಆಕೆ ಒಳಗೆ ಬಂದು ನನ್ನೆದುರು ಕುಳಿತಳು. ಕಣ್ಣು ಊದಿದ್ದವು. ಸಹಿ ಹಾಕಿದರೆ ಹಬ್ಬಕ್ಕೆ ಬರಬಹುದು, ಇಲ್ಲದಿದ್ದರೆ ತಾಯಿಯ ಮುಖವನ್ನು ಮರೆತುಬಿಡು ಎಂದು ಅಣ್ಣ ಹೇಳಿದ್ದನಂತೆ.

"ನನ್ ಗಂಡನ್ದೇ ಕೆಲ್ಸ ಕಣಕ್ಕ. ಅವ್ನೊಬ್ಬನ್ಗೇ ಯೋಳಿದ್ದೆ. ಎಲ್ಲೋ ಟೀ ಅಂಗ್ಡೀಲಿ ಬಾಯ್ ಬುಟ್ಟವ್ನೆ. ಎಲ್ಡ್ ದಿನದಿಂದ ಅವ್ನಿಗೆ ಇಟ್ಟು ಬಡ್ಸಿಲ್ಲ, ಮುಕ ಕೊಟ್ಟು ಮಾತಾಡಿಲ್ಲ."

ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದು ಆಕೆಯಲ್ಲ, ನನ್ನ ಕೊಠಡಿ. ಇಲ್ಲಿಯ ಕಾಗದ ಹೊರಗೆ ಹೋಗುತ್ತದೆಂದು ತಿಳಿದರೆ ನಾಳೆಯಿಂದ ಯಾರು ಬರುತ್ತಾರೆ ಎಂದು ಯೋಚಿಸಿದೆ. ಇದನ್ನು ಬರೆಯಲು ನಾಚಿಕೆಯಾದರೂ ಬರೆಯದೆ ವಿಧಿಯಿಲ್ಲ. ಆದರೆ ಮಾಡದ ತಪ್ಪಿಗೆ ಒಬ್ಬ ಮನುಷ್ಯ ಹಸಿದು ಕುಳಿತಿದ್ದಾನೆಂಬುದನ್ನು ಹಾಗೇ ಬಿಡಲಾಗಲಿಲ್ಲ. ಪೆಟ್ಟಿಗೆಯನ್ನು ತೋರಿಸಿ, ನಡೆದದ್ದನ್ನು ನಡೆದಂತೆ ಹೇಳಿದೆ.

ಏಜೆಂಟರು ಬರೆಯುವುದನ್ನು ನಿಲ್ಲಿಸಿದರು. ಸರ್ವೇಯರು ಎದ್ದು ನಿಂತು, "ಅಯ್ಯೋ, ನನ್ ಕೈಯಾರೆ ಕೊಟ್ನಲ್ಲ ತಾಯಿ. ಇನ್ನೊಂದ್ ಕಡೆ ಏನದೆ ಅಂತ ನೋಡ್ಲೇ ಇಲ್ಲ" ಎಂದರು.

ಆಕೆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದ್ ಆಳೆ ಉಳ್ಸಕ್ಕೋಗಿ ನಂಗಿಂಗ್ ಮಾಡ್ಬುಟ್ರಲ್ಲಕ್ಕ" ಎಂದಷ್ಟೇ ಹೇಳಿ, ಪೆಟ್ಟಿಗೆಯಿಂದ ಕಣ್ಣು ತೆಗೆದು, "ಒಡೀರಿ ಪತ್ರವ. ನಂಗೆ ಅವ್ವನ್ನ ನೋಡ್ಬೇಕು" ಎಂದಳು.

ಆ ಕೆಲಸ ನನ್ನಿಂದಾಗದು, ಬೇರೆಯವರ ಬಳಿ ಮಾಡಿಸಿ ಎಂದೆ. ಆಕೆ ಒಪ್ಪಲಿಲ್ಲ. ಇನ್ನೊಂದು ಬಾಗಿಲಿಗೆ ಹೋಗಿ ಇನ್ನೊಬ್ಬರ ಮುಂದೆ ಇದೇ ಕಥೆ ಹೇಳಲಾರೆ ಎಂದಳು. ಹೀಗೆ, ಆಕೆಗೆ ತಕರಾರಿದೆಯೆಂದು ಬರೆದ ಯಂತ್ರದಲ್ಲಿಯೇ ಆಕೆಗೆ ಯಾವ ತಕರಾರೂ ಇಲ್ಲವೆಂದು, ಸ್ವಇಚ್ಛೆಯಿಂದಲೂ ಯಾರ ಒತ್ತಾಯವಿಲ್ಲದೆಯೂ ಎಂಬ ಮಾತು ಸೇರಿಸಿ, ಅಣ್ಣ ತಂದುಕೊಟ್ಟ ಛಾಪಾ ಕಾಗದದ ಮೇಲೆ ಟೈಪ್ ಮಾಡಿದೆ. ಆಕೆ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಸಹಿ ಮಾಡಿದಳು. ಅಣ್ಣ ಪತ್ರವನ್ನು ತೆಗೆದುಕೊಂಡು, "ಬಾರವ್ವ, ಬಸ್ ಓಯ್ತದೆ. ಅವ್ವ ದಾರಿ ಕಾಯ್ತಾ ಅದೆ" ಎಂದು, ಈಗ ಪ್ರೀತಿಯಿಂದಲೇ ಕರೆದನು.

ಆತನು ಮೆಟ್ಟಿಲಿಳಿದ ಮೇಲೆ ಆಕೆ ನನ್ನ ಕಡೆ ಬಾಗಿದಳು. "ಅವತ್ತಿನ್ ಅರ್ಜಿ ಎಲ್ಲದೆ?"

ಖಾನೆಯ ಬೀಗ ತೆಗೆದು ಕೊಟ್ಟೆ. ಹರಿದುಹಾಕಲೇ ಎಂದು ಕೇಳಿದೆ.

"ಅರೀಬೇಡಿ. ನಂದು ಅದು." ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಅದು ಒಲೆಗೆ ಹೋಯಿತೋ, ಟ್ರಂಕಿನಲ್ಲಿ ಉಳಿಯಿತೋ ನನಗೆ ತಿಳಿಯದು. ಹಬ್ಬ ಕಳೆದ ಮೇಲೆ ತಿಂಗಳುಗಟ್ಟಲೆ, ಹೆಂಗಸರು ಯಾರು ಬಾಗಿಲಿಗೆ ಬಂದರೂ ಆಕೆಯೇ ಎಂದು ತಲೆಯೆತ್ತುತ್ತಿದ್ದೆ. ಆಕೆ ಬರಲಿಲ್ಲ.

ಪೆಟ್ಟಿಗೆಯನ್ನು ಅಂದೇ ತೆಗೆಸಿದೆ. ಸರ್ವೇಯರು ಆ ವರ್ಷವೇ ನಂಜನಗೂಡಿಗೆ ಹೋದರು. ಬಂದವರು ತಮ್ಮ ಹಾಳೆಗಳನ್ನು ತಾವೇ ಚೀಲಕ್ಕೆ ತುಂಬಿಕೊಂಡು ಹೋಗುವುದು ರೂಢಿಯಾಯಿತು. ನಾನು ಪಕ್ಕದಲ್ಲಿ ನಡೆದು ಹೋದರೆ ಬರೆಯುತ್ತಿದ್ದವರು ಅಂಗೈ ಅಡ್ಡ ಇಡುತ್ತಿದ್ದರು. ಎರಡು ಸಾವಿರದ ನಂತರ ಎದುರಿಗೆ ಕಂಪ್ಯೂಟರ್ ಅಂಗಡಿಗಳು ಬಂದವು. ಅವುಗಳಿಂದಲೇ ಟೇಬಲ್ ಮನೆ ಮುಚ್ಚಿತೆಂದು ಎಲ್ಲರೂ ಹೇಳುತ್ತಾರೆ. ನಾನು ಎದುರಾಡುವುದಿಲ್ಲ.

ಕೊನೆಯದಾಗಿ ವಿನಂತಿ. ಇದರಲ್ಲಿ ಅಕ್ಷರ ತಪ್ಪಿದ್ದರೆ ಓದುಗರು ದಯಮಾಡಿ ತಿದ್ದಬೇಕು. ಆ ಹೆಣ್ಣುಮಗಳನ್ನು ಬಲ್ಲವರು ಯಾರಾದರೂ ಓದಿ, ನಡೆದದ್ದರಲ್ಲಿ ನನಗೆ ಅನುಕೂಲವಾಗುವಂತೆ ಏನನ್ನಾದರೂ ಬರೆದುಕೊಂಡಿದ್ದೇನೆಂದು ಕಂಡುಬಂದಲ್ಲಿ, ಅದನ್ನೂ ಬಿಡದೆ ತಿದ್ದಬೇಕಾಗಿ ಕೋರುತ್ತೇನೆ.