ಕುರಿ ಮನೆಯವರ ಹಾಜರಿ

ನ್ಯಾಲ್ಕಲ್ ಕಡೆಯ ನಮ್ಮ ಊರಲ್ಲಿ, ಗುಡಿಸಲಲ್ಲಿದ್ದ ಹತ್ತು ಮನೆಯವರು ಕೂಡಿ ಹತ್ತು ಮನೆ ಕಟ್ಟಿಕೊಂಡೆವು. ಸಾಮಾನು ಒಂದು ಸಂಸ್ಥೆಯದು, ದುಡಿಮೆ ನಮ್ಮದು. ಎಲ್ಲವೂ ಮುಗಿಯುವ ತನಕ ಯಾರಿಗೆ ಯಾವ ಮನೆ ಎಂದು ಹೇಳುತ್ತಿರಲಿಲ್ಲ. ಹೇಳಿದ್ದರೆ ನಾನಂತೂ ಪಕ್ಕದವರ ಗೋಡೆಗೆ ಸಿಮೆಂಟು ಕಡಿಮೆಯೇ ಹಾಕುತ್ತಿದ್ದೆ.

ದಿನಾ ಬೆಳಿಗ್ಗೆ ಮೇಸ್ತ್ರಿ ಒಂದೊಂದೇ ಮನೆತನದ ಹೆಸರು ಕೂಗುತ್ತಿದ್ದ. ಆ ಮನೆಯಿಂದ ಒಬ್ಬರು "ಬಂದೀನ್ರಿ" ಅನ್ನಬೇಕು. ವಾರವಿಡೀ ಉತ್ತರ ಬರದಿದ್ದರೆ ಅವರಿಗೆ ಬರಬೇಕಾದ ಮನೆ ಬೇರೆಯವರ ಪಾಲು. "ಕುರಿ ಮನಿ?" ಅಂದಾಗ ಎಲ್ಲರಿಗಿಂತ ಜೋರಾಗಿ ಓಗೊಡುತ್ತಿದ್ದವಳು ನನ್ನ ಗೆಳತಿ; ಕುರಿ ಸಾಕುವ ಮನೆತನ ಅವರದು. ಗಂಡ ಸತ್ತ ಮೇಲೆ ಅತ್ತೆಯನ್ನೂ ಸಣ್ಣ ಮಗಳನ್ನೂ ಅವಳೇ ಸಾಕುತ್ತಿದ್ದಳು. ಕುರಿ ಬಿಟ್ಟು ಕಲ್ಲು ಹೊರಲು ಹೋದಳೆಂದು ಮುದುಕಿಗೆ ಸಿಟ್ಟು. ಅತ್ತೆ ಸೊಸೆಗೆ ಮಾತೇ ಇರಲಿಲ್ಲ. ನೆಲಕ್ಕೆ ಹಾಸಲು ತಾಂಡೂರಿನ ಚಪ್ಪಡಿ ಬಂದ ದಿನ ಗೆಳತಿಗೆ ಜ್ವರ ಬಂತು. ಜಹೀರಾಬಾದಿನ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಮಣ್ಣು ಮಾಡಿದ ಮರುದಿನ ಮೇಸ್ತ್ರಿ ರೂಢಿಯಂತೆ "ಕುರಿ ಮನಿ?" ಎಂದು ಕೂಗಿ ನಾಲಿಗೆ ಕಚ್ಚಿಕೊಂಡ. ನನ್ನ ಬಾಯಿಂದ "ಬಂದೀನ್ರಿ" ಬಂತು. ಆ ದಿನ ಎರಡು ಮನೆಯ ಕೆಲಸ ಮಾಡಿದೆ. ಆಮೇಲೆ ನಾವು ಹೆಂಗಸರು ಪಾಳಿ ಹಚ್ಚಿಕೊಂಡು ಉತ್ತರ ಕೊಟ್ಟೆವು. ಸತ್ತವಳಿಗಾಗಿ ಓಗೊಡಬಾರದೆಂದು ಗಂಡಸರು ಬೈದರು. ನನಗೂ ಹೆದರಿಕೆಯೇ. ಗಾರೆ ಕಲಸುವಾಗ ಪಕ್ಕದಲ್ಲಿ ಇನ್ನೊಂದು ಸಲಿಕೆಯ ಸದ್ದು ಕೇಳಿದಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಒಂದು ಮುಂಜಾನೆ ದಟ್ಟ ಮಂಜು. ಮೇಸ್ತ್ರಿ "ಕುರಿ ಮನಿ?" ಅಂದಾಗ ಯಾರ ಪಾಳಿಯೆಂಬುದೇ ಮರೆತುಹೋಗಿ ಎಲ್ಲರೂ ಸುಮ್ಮನಿದ್ದೆವು. ಹಿಂದಿನಿಂದ, ಅವಳದೇ ಗತ್ತಿನಲ್ಲಿ, "ಬಂದೀನ್ರಿ" ಎಂದು ಕೇಳಿತು. ಒಬ್ಬಳ ಕೈಯಿಂದ ಬುಟ್ಟಿ ಬಿತ್ತು. ನೋಡಿದರೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡ ಹಿಡಿದು ನಿಂತಿದ್ದಳು.

"ಹಂಗ್ಯಾಕ ನೋಡ್ತೀರಿ? ನನ್ನ ಮೊಮ್ಮಗಳ ಮನಿ ಉಳೀಬೇಕಲ್ಲ. ನೀರ ಎಲ್ಲಿ ಹಾಕ್ಲಿ?" ಅಂದಳು. ಕೆಲಸ ಮುಗಿಯುವ ತನಕ ಗೋಡೆಗಳಿಗೆ ನೀರು ಹೊಡೆದಳು. ಸೊಸೆಯ ಮಾತು ಒಮ್ಮೆಯೂ ಎತ್ತಲಿಲ್ಲ.

ಕೊನೆಗೆ ಚೀಟಿ ಎತ್ತಿ ಮನೆ ಹಂಚಿದರು. ಕುರಿ ಮನೆಯವರಿಗೂ ಒಂದು ಬಂತು. ಮುದುಕಿ ಹಾಲಿನ ಗಿಂಡಿ ಹಿಡಿದು ಹೊಸಿಲ ಮುಂದೆ ನಿಂತಳು, ಒಳಗೆ ಕಾಲಿಡಲಿಲ್ಲ.

"ನಡೀರಿ ಅವ್ವಾ," ಅಂದೆ.

"ತಡಿಯವ್ವ. ಹೊಸ ಮನಿಯಾಗ ಸೊಸಿ ಮೊದಲ ಕಾಲಿಡಬೇಕ," ಎನ್ನುತ್ತಾ ಮೊಮ್ಮಗಳ ಕೈ ಹಿಡಿದು ಪಕ್ಕಕ್ಕೆ ಸರಿದಳು.

ಬಾಗಿಲಿಗೆ ಅಡ್ಡವಾಗಿದ್ದ ನಾವೆಲ್ಲರೂ ಸರಿದು ದಾರಿ ಬಿಟ್ಟೆವು.