ಮುಸ್ಸಂಜೆಗೆ ಕೆಂಪಾಗುತ್ತಿದ್ದ ಕಣ್ಣು

ನಿಮ್ಮ ತಾತನ ಲಾರಿಗೆ ಒಂದು ಕಣ್ಣಿತ್ತು. ನೀವು ಈಗ ನೋಡುವ ಲಾರಿಗಳಲ್ಲಿ ಅದು ಇಲ್ಲ. ಸ್ಟೇರಿಂಗಿನ ಪಕ್ಕದ ತಗಡಿನ ಮೇಲೆ ಎಂಟಾಣೆ ಅಗಲದ ಒಂದು ಮುಚ್ಚಳ, ಅದಕ್ಕೆ ಸಣ್ಣ ಸಣ್ಣ ತೂತು, ಒಳಗೆ ತಂತಿಯ ಸುರುಳಿ. ಅದರ ಕೆಳಗೆ ಎಳೆಯುವ ಕರಿಯ ಗುಂಡಿ. ಡೀಸೆಲ್ ಇಂಜಿನ್ನು ಚಳಿಯಲ್ಲಿ ಸುಮ್ಮನೆ ಹೊತ್ತಿಕೊಳ್ಳುವುದಿಲ್ಲ, ಅದರ ಹೊಟ್ಟೆ ಮೊದಲು ಬೆಚ್ಚಗಾಗಬೇಕು. ಅದಕ್ಕೆಂದೇ ಇಂಜಿನ್ನಿನ ಪಕ್ಕದಲ್ಲಿ ಸಾಲಾಗಿ ಹೀಟರ್ ಪ್ಲಗ್ಗುಗಳಿದ್ದವು. ಗುಂಡಿಯನ್ನು ಅರ್ಧ ಎಳೆದು ಹಿಡಿದರೆ ಪ್ಲಗ್ಗುಗಳು ಕಾಯುತ್ತಿದ್ದವು. ಕಾದ ಗುರುತಿಗೆ ಆ ಕಣ್ಣು ಕೆಂಪಾಗುತ್ತಿತ್ತು. ಆಮೇಲೆ ಪೂರ್ತಿ ಎಳೆದರೆ ಇಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಎದ್ದು ಕೂರುತ್ತಿತ್ತು.

ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬಹುದು. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಗೊತ್ತಾಯಿತು. ಆ ಪ್ಲಗ್ಗುಗಳ ಸಂಪರ್ಕ ಒಂದರಿಂದ ಒಂದಕ್ಕೆ. ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ, ಒಂದು ಸುಟ್ಟರೆ ಎಲ್ಲವೂ ತಣ್ಣಗೆ. ಯಾವುದು ಸುಟ್ಟಿದೆ ಎಂದು ಹುಡುಕಲು ಇಬ್ಬರು ಬೇಕು. ನಿಮ್ಮ ತಾತ ಬಾನೆಟ್ ಎತ್ತಿ, ದಪ್ಪ ತಂತಿಯೊಂದನ್ನು ಪ್ಲಗ್ಗಿನ ಎರಡು ತುದಿಗೂ ಮುಟ್ಟಿಸುತ್ತಾ ಒಂದೊಂದನ್ನೇ ದಾಟಿಸಿ ನೋಡುತ್ತಿದ್ದರು. ನಾನು ಒಳಗೆ ಕೂತು ಗುಂಡಿ ಹಿಡಿದು ಕಣ್ಣು ನೋಡಬೇಕು. ಸುಟ್ಟ ಪ್ಲಗ್ಗನ್ನು ದಾಟಿಸಿದ ಕೂಡಲೇ ಕಣ್ಣು ಕೆಂಪಾಗುತ್ತಿತ್ತು.

"ಈಗ?" ಎಂದು ಅವರು ಅಲ್ಲಿಂದ ಕೂಗುತ್ತಿದ್ದರು. ಹೊಸ ಸೊಸೆ, ಅಂಗಳದ ತುಂಬ ಕೇಳುವ ಹಾಗೆ ಗಂಡನಿಗೆ ಉತ್ತರ ಕೊಡುವುದು ಹೇಗೆ? ಬಾಗಿಲ ತಗಡನ್ನು ಬೆರಳಿನಿಂದ ತಟ್ಟುತ್ತಿದ್ದೆ.

"ಬಾಯಿ ಐತೋ ಇಲ್ವೋ ಇವ್ಳಿಗೆ," ಎಂದು ಅವರು ನಗುತ್ತಿದ್ದರು. "ಸಾಕು, ಕೆಂಪಾದ ಕೂಡ್ಲೇ ಬಿಟ್ಬಿಡು. ಹಿಡ್ಕಂಡೇ ಇದ್ರೆ ಪ್ಲಗ್ ಸುಟ್ಟೋಗ್ತವೆ."

ನಿಮ್ಮ ಅಪ್ಪ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಾಗ ಅವರು ಕಾಮಾಲೆಯಲ್ಲಿ ಹೋದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಲಾರಿ ಮೈದುನನ ಕೈಗೆ ಬಂತು. ಅಜ್ಜಂಪುರದ ಈರುಳ್ಳಿ, ಕಡೂರು ಕಡೆಯ ತೆಂಗಿನಕಾಯಿ, ಸಿಕ್ಕಿದ ಬಾಡಿಗೆ ಎಲ್ಲ ಅದೇ ಹೊರಬೇಕು, ಮನೆ ಅದರ ಮೇಲೆಯೇ ನಡೆಯಬೇಕು.

ಅತ್ತೆಗೆ ಮಗನನ್ನು ಲಾರಿಯಿಂದ ಬೇರೆ ಮಾಡಿ ನೆನೆಯಲು ಆಗಲಿಲ್ಲ. ಕಡೂರಿನ ಸ್ಟುಡಿಯೋದಲ್ಲಿ ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ನಿಂತು ತೆಗೆಸಿದ್ದ ಪಟ ಒಂದಿತ್ತು. ಅದರಲ್ಲಿ ಅವರೊಬ್ಬರನ್ನೇ ಬೇರೆ ಮಾಡಿಸಿ ಕಟ್ಟು ಹಾಕಿಸಿದರು. ಭುಜದ ಹತ್ತಿರ ನನ್ನ ಸೆರಗಿನ ಅಂಚು ಅಷ್ಟಿಷ್ಟು ಉಳಿದಿತ್ತು. ಲಾರಿಯೊಳಗೆ ಮೊಳೆ ಹೊಡೆಯಲು ಜಾಗವಿಲ್ಲ, ಎಲ್ಲ ಕಬ್ಬಿಣ. ಆ ಕರಿಯ ಗುಂಡಿಗೆ ಪಟವನ್ನು ನೇತು ಹಾಕಿದರು. ಮೈದುನ ಬೆಳಿಗ್ಗೆ ಗುಂಡಿ ಎಳೆಯುವ ಮುಂಚೆ ಅಣ್ಣನ ಪಟ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಪ್ರತಿ ಸೋಮವಾರ ಸಂಜೆ, ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು, ಅತ್ತೆ ತಾವೇ ಕಷ್ಟಪಟ್ಟು ಲಾರಿ ಹತ್ತಿ, ಸೇವಂತಿಗೆ ಹಾರ ಹಾಕುತ್ತಿದ್ದರು. ಹಾರ ಜಾರದಂತೆ ಅದರ ಬಾಳೆನಾರಿನ ತುದಿಯನ್ನು ಗುಂಡಿಯ ಹಿಂದೆ ಸುತ್ತಿ ಕಟ್ಟುತ್ತಿದ್ದರು. ಒಣಗಿದ ಹೂವು ಕಿತ್ತು ತರುತ್ತಿದ್ದರು, ನಾರನ್ನು ಮಾತ್ರ ಹರಿಯುತ್ತಿರಲಿಲ್ಲ. ಸತ್ತವನಿಗೆ ಕಟ್ಟಿದ್ದನ್ನು ಹರಿಯಬಾರದು ಎನ್ನುವುದು ಅವರ ನಂಬಿಕೆ.

ಕಣ್ಣು ತಾನಾಗಿ ಕೆಂಪಾದದ್ದನ್ನು ಮೊದಲು ಕಂಡವರೂ ಅವರೇ. ಒಂದು ಸೋಮವಾರ, ದೀಪ ಹಚ್ಚುವ ಹೊತ್ತು. ಮೈದುನ ಲಾರಿ ನಿಲ್ಲಿಸಿ ಒಳಗೆ ಕಾಲು ತೊಳೆಯುತ್ತಿದ್ದ. ಅತ್ತೆ ಅಂಗಳದಲ್ಲಿ ನಿಂತು ಕೂಗಿದರು.

"ಬನ್ರೋ ಇಲ್ಲಿ! ನನ್ ಮಗ ಕಣ್ಬಿಟ್ಟವ್ನೆ, ನೋಡ್ಬನ್ರೋ!"

ಖಾಲಿ ಲಾರಿಯೊಳಗೆ, ಪಟದ ಮೇಲುಗಡೆ, ಆ ಕಣ್ಣು ಕೆಂಪಗೆ ಉರಿಯುತ್ತಿತ್ತು. ಮೈದುನ ಲಾರಿ ಹತ್ತಿ, ಗುಂಡಿಯ ಮೇಲೆ ಕೈಯಿಟ್ಟು ನೋಡಿದ.

"ಗುಂಡಿ ಒಳಗೇ ಐತೆ ಕಣವ್ವ. ಯಾರೂ ಎಳ್ದಿಲ್ಲ," ಎಂದ. ಅವನ ದನಿ ಬದಲಾಗಿತ್ತು.

ಮಾರನೇ ದಿನ ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಹುಡುಗರೆಲ್ಲ ಸೇರಿ ತಳ್ಳಿದರು, ಹೊರಡಲಿಲ್ಲ. ಪ್ಲಗ್ಗೂ ಸುಟ್ಟಿತ್ತು. ಆಮೇಲೆ ಇದು ಮತ್ತೆ ಮತ್ತೆ ಆಯಿತು. ಹೊಸ ಪ್ಲಗ್ಗು ಹಾಕಿದರೆ ಕೆಲವು ದಿನ ನೆಟ್ಟಗೆ ಓಡುವುದು. ಒಂದು ಮುಸ್ಸಂಜೆ ಕಣ್ಣು ತೆರೆಯುವುದು. ಬೆಳಗಾದರೆ ಲಾರಿ ಅಲುಗುವುದಿಲ್ಲ. ಮಠದ ಅಯ್ಯನವರು ಬಂದು ತೀರ್ಥ ಚಿಮುಕಿಸಿ, ಬಾನೆಟ್ಟಿಗೆ ವಿಭೂತಿ ಬಳಿದು ಹೋದರು. ತರೀಕೆರೆಯಿಂದ ಬಂದ ಮೆಕ್ಯಾನಿಕ್ ಇಂಜಿನ್ನಿನ ಪಕ್ಕದ ಸಂಪರ್ಕಗಳನ್ನೆಲ್ಲ ಬಿಚ್ಚಿ ಉಜ್ಜಿ ಹಾಕಿದ. ಒಳಗೆ ಹತ್ತಿದವನು ಪಟವನ್ನು ಕಂಡು ಕೈ ಮುಗಿದು ಇಳಿದುಬಿಟ್ಟ.

"ಪ್ಲಗ್ ಸುಟ್ರೆ ಹಾಕ್ಕೊಡ್ತೀನಿ ಕಣ್ರೀ. ದೆವ್ವ ಬಿಚ್ಚೋಕೆ ನನ್ ಹತ್ರ ಸ್ಪ್ಯಾನರ್ ಇಲ್ಲ," ಎಂದ.

"ದೆವ್ವ ಗಿವ್ವ ಅಂದ್ರೆ ನೋಡು! ನನ್ ಮಗ ಅವ್ನು. ನಿನ್ ಕೈಯಾಗ್ ಆಗಲ್ಲ ಅನ್ನು, ಒಪ್ಕಂತೀನಿ," ಎಂದು ಅತ್ತೆ ಅವನ ಮೇಲೆ ಹರಿಹಾಯ್ದರು. ಆದರೂ ಕಾಫಿ ಕೊಡಿಸಿಯೇ ಕಳಿಸಿದರು.

ಒಂದು ದಿನ ನಾನು ರಾಗಿ ಕೇರುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಬಯ್ಯಲಿಲ್ಲ. ಅವರು ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವ್ನು ನಿನ್ ಮೇಲಿನ ಆಸೆಗೆ ಅಲ್ಲಿ ಕುಂತವ್ನೆ ಕಣೇ. ನೀನು ಹಿಂಗೆ ಕಣ್ಮುಂದೆ ಓಡಾಡ್ತಿದ್ರೆ ಅವ್ನು ಹೆಂಗೆ ಹೋಗ್ತಾನೆ? ತವ್ರಿಗೆ ಹೋಗು, ನಾಕು ತಿಂಗ್ಳು ಇದ್ದು ಬಾ. ಅವ್ನಿಗೂ ಬಿಡುಗಡೆ ಆಗ್ಲಿ, ಲಾರಿನೂ ಹೊರಡ್ಲಿ. ನಿಮ್ಮಣ್ಣಂಗೆ ಹೇಳಿ ಕಳ್ಸಿದೀನಿ, ಮಂಗ್ಳವಾರ ಬತ್ತಾನೆ."

"ಮಗು?" ಎಂದೆ.

"ಕೂಸು ಇಲ್ಲೇ ಇರ್ಲಿ. ಈ ಮನೆ ಕುಡಿ ಅದು."

ಹಾಗೆ ನಾಲ್ಕು ತಿಂಗಳಿಗೆಂದು ತವರಿಗೆ ಹೋಗಿ, ಅಲ್ಲೇ ಮುದುಕಿಯಾದ ಸೋದರತ್ತೆ ಒಬ್ಬರು ಸಖರಾಯಪಟ್ಟಣದ ಹತ್ತಿರ ನನ್ನ ತವರಿನಲ್ಲೇ ಇದ್ದರು. ಅವರ ಮಗ ದೊಡ್ಡವನಾದ ಮೇಲೆ ಒಮ್ಮೆ ಬಂದವನು ಅವರನ್ನು ಗುರುತು ಹಿಡಿಯದೆ ನೀರು ಕೇಳಿದ್ದ. ನಾನು ಮೊರ ಕೆಳಗಿಟ್ಟೆ. ಅತ್ತೆ ಹೇಳಿದ್ದು ಸುಳ್ಳು ಎನ್ನಲು ನನಗೂ ಆಗುತ್ತಿರಲಿಲ್ಲ. ಕಣ್ಣು ಕೆಂಪಾದ ಸಂಜೆಗಳಲ್ಲಿ ಎಲ್ಲರೂ ಒಳಗೆ ಸೇರಿ ಕದ ಹಾಕಿಕೊಂಡರೆ, ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಹೆದರಿಕೆ ಇರಲಿಲ್ಲ. ಹಗಲೆಲ್ಲ ಯಾರೂ ನನ್ನ ಮುಖ ನೋಡಿ ಮಾತಾಡದ ಆ ದಿನಗಳಲ್ಲಿ, ಅಷ್ಟು ಹೊತ್ತು ಒಬ್ಬರು ನನ್ನನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಅಣ್ಣ ಬರುವ ಹಿಂದಿನ ದಿನ ಸೋಮವಾರ. ಮೈದುನ ಮಧ್ಯಾಹ್ನವಷ್ಟೇ ಹೊಸ ಪ್ಲಗ್ಗು ಹಾಕಿ ಬ್ಯಾಟರಿ ಚಾರ್ಜು ಮಾಡಿಸಿ ತಂದಿದ್ದ. ಅತ್ತೆಗೆ ಮಂಡಿ ಊದಿಕೊಂಡು ಲಾರಿ ಹತ್ತಲಾಗಲಿಲ್ಲ. ಹಾರವನ್ನು ನನ್ನ ಕೈಗೆ ಕೊಟ್ಟರು.

"ಇವತ್ತೊಂದಿನ ನೀನೇ ಹಾಕು. ಬಿಗಿಯಾಗಿ ಕಟ್ಟು. ನಾಳೆ ಹೋಗೋಳು, ಒಂದ್ಸಲ ಮುಖ ನೋಡ್ಕಂಡು ಬಾ."

ನಿಮ್ಮ ತಾತ ಹೋದ ಮೇಲೆ ನಾನು ಆ ಲಾರಿಯ ಬಾಗಿಲು ತೆರೆದಿರಲಿಲ್ಲ. ಡೀಸೆಲ್ಲು, ಈರುಳ್ಳಿ ಸಿಪ್ಪೆ, ಬಿಸಿಲಿಗೆ ಕಾದ ಸೀಟಿನ ವಾಸನೆ. ಪಟದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಹಾರ ಹಾಕಿ, ನಾರನ್ನು ಗುಂಡಿಯ ಹಿಂದೆ ಸುತ್ತಿ, ಹೇಳಿದಂತೆ ಬಿಗಿಯಾಗಿ ಜಗ್ಗಿ ಗಂಟು ಹಾಕಿದೆ.

ಕಣ್ಣು ತೆರೆಯಿತು. ಮೊದಲು ಕಂದು ಬಣ್ಣವಾಗಿ, ಆಮೇಲೆ ನಿಧಾನವಾಗಿ ಕೆಂಪಾಗಿ, ನನ್ನ ಮುಖದ ಒಂದು ಗೇಣು ದೂರದಲ್ಲಿ.

"ಬಂದ್ರಾ?" ಎಂದೆ.

ಅವರು ಇದ್ದಾಗ ಆ ಲಾರಿಯೊಳಗೆ ನಾನು ಒಂದು ದಿನವೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಕಣ್ಣು ಹಾಗೇ ಉರಿಯುತ್ತಿತ್ತು. ಕೆಂಪಾದ ಕೂಡಲೇ ಬಿಟ್ಟುಬಿಡು ಎಂದು ಅವರು ಕಲಿಸಿದ್ದು ಕೈಗೆ ನೆನಪಿತ್ತೇನೋ, ನನಗೇ ತಿಳಿಯದಂತೆ ಗುಂಡಿಯನ್ನು ಒಳಗೆ ಒತ್ತಿದೆ. ಅದು ಹೋಗಲಿಲ್ಲ. ಹತ್ತಿಯ ಮೇಲೆ ಒತ್ತಿದಂತಾಯಿತು. ಪಟವನ್ನು ಸರಿಸಿ ನೋಡಿದೆ. ಗುಂಡಿಯ ಹಿಂದೆ ಅಷ್ಟೂ ಸೋಮವಾರಗಳ ಬಾಳೆನಾರು ಸುತ್ತಿ ಸುತ್ತಿ, ಒಣಗಿ, ಗಟ್ಟಿಯಾಗಿ, ಗುಬ್ಬಿ ಗೂಡಿನಂತೆ ಉಬ್ಬಿತ್ತು. ಗುಂಡಿ ಪೂರ್ತಿ ಒಳಗೆ ಕೂರಲು ಅದು ಜಾಗವನ್ನೇ ಬಿಟ್ಟಿರಲಿಲ್ಲ. ನೋಡಿದವರಿಗೆ ಗುಂಡಿ ಒಳಗಿದೆ ಅನ್ನಿಸುತ್ತಿತ್ತು, ಅದು ಮಾತ್ರ ಒಂದು ನೂಲು ಹೊರಗೇ ನಿಂತಿತ್ತು. ಹೊಸ ನಾರು ಬಿಗಿಯಾಗಿ ಬಿದ್ದ ಸಂಜೆ ಗುಂಡಿ ಹೀಗೆ ಹೊರಗೆ ಬರುತ್ತಿತ್ತು, ನಾರು ಒಣಗಿ ಸಡಿಲಾದರೆ ಒಳಗೆ ಕೂರುತ್ತಿತ್ತು.

ನಾನು ಕಟ್ಟಿದ ಸುತ್ತನ್ನು ಬಿಚ್ಚಿ ಒತ್ತಿದೆ. ಕಣ್ಣು ಮಂಕಾಯಿತು, ಆರಿತು. ಮತ್ತೆ ಸುತ್ತಿದೆ. ಕೆಂಪಾಯಿತು. ಬಿಚ್ಚಿದೆ. ಸುತ್ತಿದೆ. ಎಷ್ಟು ಹೊತ್ತು ಹಾಗೆ ಮಾಡುತ್ತಾ ಕೂತಿದ್ದೆನೋ. ಪ್ರತಿ ಸಲ ಬಿಚ್ಚುವಾಗಲೂ ಈ ಸಲ ಅದು ಆರದೆ ಇರಲಿ ಎಂದು ಬೇಡಿಕೊಂಡೆ. ಅದು ಪ್ರತಿ ಸಲವೂ ಆರಿತು.

ನಾರಿನ ಸಂಗತಿ ಹೇಳದೆ ಇಳಿದುಬಿಟ್ಟರೆ ನಿಮ್ಮ ತಾತ ಇಲ್ಲೇ ಇರುತ್ತಾರೆ, ನಾನು ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಮನೆಯೊಳಗಿನಿಂದ ನಿಮ್ಮ ಅಪ್ಪ ಅಳುವುದು ಕೇಳಿಸಿತು. ಹಸಿದ ಅಳು. ನಾನು ಸ್ಟೇರಿಂಗಿನ ನಡುವೆ ಅಂಗೈ ಇಟ್ಟು ಹಾರನ್ ಒತ್ತಿದೆ. ಒತ್ತಿದವಳು ಕೈ ತೆಗೆಯಲಿಲ್ಲ.

ಇಡೀ ಬೀದಿ ಹೊರಗೆ ಬಂತು. ಮೈದುನ ಕೈಯಲ್ಲಿ ಲಾಟೀನು ಹಿಡಿದು ಓಡಿ ಬಂದು, ನನ್ನನ್ನು ಕಂಡು ನಿಂತುಬಿಟ್ಟ.

"ಅತ್ತಿಗೆ! ಏನಾಯ್ತು? ಇಳೀರಿ ಮೊದ್ಲು, ಇಳೀರಿ!"

ಮೇಲೆ ಹತ್ತು ಎಂದು ಕೈ ಸನ್ನೆ ಮಾಡಿದೆ. ಅವನು ಹತ್ತಿದ. ನಾರು ಸುತ್ತಿ ತೋರಿಸಿದೆ, ಬಿಚ್ಚಿ ತೋರಿಸಿದೆ. ಅವನು ತಾನೂ ಸುತ್ತಿ ನೋಡಿದ, ಬಿಚ್ಚಿ ನೋಡಿದ. ಆಮೇಲೆ ತಲೆಗೆ ಕೈ ಹಚ್ಚಿ ಕೂತ.

"ಅವ್ವ," ಎಂದು ಕೂಗಿದ. "ಅಣ್ಣ ಅಲ್ಲ ಕಣವ್ವ. ಹೂವಿನ್ ನಾರು."

ಅತ್ತೆ ಕುಂಟುತ್ತಾ ಬಂದಿದ್ದರು. ಬಾಗಿಲ ಕಂಬಿ ಹಿಡಿದು ಕೆಳಗೆ ನಿಂತು, ಅವನು ಮಾಡಿ ತೋರಿಸಿದ್ದನ್ನು ಪೂರ್ತಿ ನೋಡಿದರು.

"ನಾನ್ ಕಟ್ಟಿದ್ದಾ?" ಎಂದರು.

ಮೈದುನ ಸೀಟಿನಡಿಯಿಂದ ಚಾಕು ತೆಗೆದ. "ಚಾಕು ಹಾಕ್ಬೇಡ ಕಣೋ," ಎಂದು ಅತ್ತೆ ತಡೆದರು. ನಾವಿಬ್ಬರೂ ಅವರ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡೆವು. ಲಾಟೀನಿನ ಬೆಳಕಿನಲ್ಲಿ ಅವರು ಒಂದೊಂದೇ ಗಂಟನ್ನು ಉಗುರಿನಿಂದ ಬಿಡಿಸಿ, ಆ ನಾರನ್ನೆಲ್ಲ ಮಡಿಲಿಗೆ ಹಾಕಿಕೊಂಡರು. ಪಟವನ್ನು ಎದೆಗೊತ್ತಿಕೊಂಡು ಇಳಿದರು.

ಬೆಳಿಗ್ಗೆ ಲಾರಿ ಮೊದಲ ಎಳೆತಕ್ಕೇ ಎದ್ದಿತು. ಮೈದುನ ಹೋದ ಸ್ವಲ್ಪ ಹೊತ್ತಿಗೆ ಅಣ್ಣ ಬಂದ. ನನ್ನ ಸೀರೆಗಳ ಟ್ರಂಕು ಜಗಲಿಯ ಮೇಲೆ ಇತ್ತು. ಅತ್ತೆ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಅವನಿಗೆ ಮಣೆ ಹಾಕಿದರು. ರೊಟ್ಟಿ ಬಡಿಸಿದರು. "ಸುಮ್ನೆ ದಣಿಸ್ದಂಗಾಯ್ತು ನಿನ್ನ. ಕೂಸಿನ್ ಹಲ್ಲು ಬತ್ತಾ ಐತೆ, ಇವ್ಳು ಬರಾಕಾಗಲ್ಲ," ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಮೊಸರು ತರಲು ಒಳಗೆ ಹೋದೆ.

ಆಮೇಲೆ ಸಂಜೆಗಳಲ್ಲಿ ಲಾರಿಯ ಒಳಗೆ ಬರೀ ಕತ್ತಲು. ನಾನು ಕೊಟ್ಟಿಗೆಯ ಕಂಬದ ಹತ್ತಿರ ನಿಲ್ಲುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಹಿಂದಿನಿಂದ ಹೆಜ್ಜೆ ಸಪ್ಪಳವಾಯಿತು. ತಿರುಗಿ ನೋಡಿದರೆ ಅತ್ತೆ. ಅವರೂ ಲಾರಿಯ ಕಡೆಗೇ ನೋಡುತ್ತಿದ್ದರು.

"ಇವತ್ತೂ ಇಲ್ಲ," ಎಂದರು.

ಕಂಬಕ್ಕೆ ಕೈಯಾನಿಸಿ ಕೇಳಿದರು, "ಆ ಗುಂಡಿ, ನೀನು ಎಳೆದ್ರೂ ಕೆಂಪಾಗ್ತದಾ?"

"ಆಗ್ತದೆ ಅತ್ತೆ."

"ಒಂದ್ಸಲ ಎಳಿ, ನೋಡಾನ."

ನಾನು ಲಾರಿ ಹತ್ತಿ, ಗುಂಡಿ ಎಳೆದು ಹಿಡಿದೆ. ಅವರು ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಕಣ್ಣು ಕೆಂಪಾಯಿತು. ಅವರ ಕೆನ್ನೆಯ ಮೇಲೂ ಒಂಚೂರು ಕೆಂಪು ಬಿದ್ದಂತೆ ಕಂಡಿತು, ಅಥವಾ ನನಗೆ ಹಾಗನ್ನಿಸಿತು.

"ಸಾಕು ಬಿಡೇ, ಸುಟ್ಟೋದಾವು," ಎಂದರು.

ಕೈ ಬಿಟ್ಟೆ. ಬಿಟ್ಟರೂ ಅದು ಒಮ್ಮೆಲೇ ಆರುವುದಿಲ್ಲ. ತಂತಿ ಪೂರ್ತಿ ಕಪ್ಪಾಗುವವರೆಗೆ ಇಬ್ಬರೂ ಹಾಗೇ ಇದ್ದೆವು.

"ನಡಿ, ಕೂಸು ಎದ್ದಿರ್ತದೆ," ಎಂದು ಅತ್ತೆ ನಾನು ಇಳಿಯಲು ಕೈ ಕೊಟ್ಟರು.